ಬೈಕ್ ಇಂಜಿನ್ ಕಾರು: ಟ್ರ್ಯಾಕಿಗೆ ಸರಿ, ದಿನಾ ಓಡಾಟಕ್ಕೆ?

ಇಂಗ್ಲೆಂಡಿನಲ್ಲಿ ವೆಸ್ಟ್‌ಫೀಲ್ಡ್ ಮೆಗಾಬುಸಾ ಎಂಬ ಹಗುರ ಸ್ಪೋರ್ಟ್ಸ್ ಕಾರು ಕೊಂಡು ದಿನಾ ಆಫೀಸಿಗೂ, ಆಗಾಗ ಟ್ರ್ಯಾಕ್ ಡೇಗೂ (ರೇಸ್ ಟ್ರ್ಯಾಕಿನಲ್ಲಿ ನಮ್ಮದೇ ಕಾರು ಓಡಿಸುವ ದಿನ) ಓಡಿಸಬಹುದಾ ಅಂತ ಕೇಳಿದ್ದೀರಿ. ಟ್ರ್ಯಾಕಿಗೆ ಖಂಡಿತ ಕೊಳ್ಳಿ. ಆಫೀಸಿಗೆ ಮಾತ್ರ ಬೇರೆ ಕಾರು ಇಟ್ಟುಕೊಳ್ಳಿ.

ಅದರಲ್ಲಿರುವುದು ಸುಜುಕಿ ಹಯಾಬುಸಾ ಬೈಕಿನ ಇಂಜಿನ್. ಕಡಿಮೆ ಆರ್‌ಪಿಎಂನಲ್ಲಿ ಅದಕ್ಕೆ ಎಳೆಯುವ ಬಲ ಕಡಿಮೆ. ಟ್ರಾಫಿಕ್ಕಿನಲ್ಲಿ ತೆವಳುವಾಗ ಕ್ಲಚ್ ಜಾಸ್ತಿ ಜಾರಿಸಬೇಕಾಗುತ್ತದೆ. ಬೈಕಿನ ತೂಕಕ್ಕೆ ಮಾಡಿದ ಕ್ಲಚ್ ಅಲ್ವಾ, ಬೇಗ ಸವೆಯುತ್ತದೆ. ಬೈಕ್ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಕೂಡ ಇರುವುದಿಲ್ಲ. ರಿವರ್ಸಿಗೆ ಪ್ರತ್ಯೇಕವಾಗಿ ಏನು ಜೋಡಿಸಿದ್ದಾರೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಆಯಿಲ್. ತಿರುವಿನಲ್ಲಿ ಬೈಕ್ ವಾಲುತ್ತದೆ, ಹಾಗಾಗಿ ಆಯಿಲ್ ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ತಳದಲ್ಲೇ ನಿಲ್ಲುತ್ತದೆ. ಕಾರು ಹಾಗೆ ವಾಲುವುದಿಲ್ಲ. ಉದ್ದನೆಯ ತಿರುವಿನಲ್ಲಿ ಆಯಿಲ್ ಪಕ್ಕಕ್ಕೆ ಸರಿದು, ಪಂಪ್ ಗಾಳಿ ಎಳೆಯುತ್ತದೆ. ಅಷ್ಟರಲ್ಲಿ ಬೇರಿಂಗ್ ಹಾಳು! ಆಯಿಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಬ್ಯಾಫಲ್ ಪ್ಲೇಟ್ ಅಥವಾ ಡ್ರೈ ಸಂಪ್ (ಆಯಿಲ್ ಬೇರೆ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ) ಇದೆಯಾ ಅಂತ ಮಾರುವವರನ್ನು ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಆ ಕಾರು ಬೇಡ.

ಟ್ರ್ಯಾಕ್ ಡೇ ಬುಕ್ ಮಾಡುವ ಮೊದಲು ಅಲ್ಲಿನ ಶಬ್ದದ ಮಿತಿ ನೋಡಿ. ಸೈಲೆನ್ಸರ್ ಸರಿ ಇಲ್ಲದಿದ್ದರೆ ಸುಮ್ನೆ ವಾಪಸ್ ಕಳಿಸುತ್ತಾರೆ.

ಇಷ್ಟು ನೋಡಿಕೊಂಡರೆ, ಆ ಸೀಕ್ವೆನ್ಷಿಯಲ್ ಗೇರ್ ಒಂದೊಂದೇ ಏರಿಸುವ ಖುಷಿ ಬೇರೆ ಕಾರಿನಲ್ಲಿ ಸಿಗುವುದು ಕಷ್ಟ.