ಆಡಿನ ಕೋಡಿಗೆ ರಬ್ಬರ್ ಬಳೆ ಹಾಕಬಹುದೇ?

ಪ್ರಶ್ನೆ: ನಮ್ಮಲ್ಲಿ 11 ಆಡುಗಳಿವೆ. ಎರಡು ವರ್ಷದ ಒಂದು ಹೆಣ್ಣಾಡು ಗಬ್ಬದ ಆಡುಗಳ ಹೊಟ್ಟೆಗೇ ಹಾಯುತ್ತದೆ. ವರ್ಷದ ಇನ್ನೊಂದು ಆಡು ತೋಟದ ತಂತಿಬಲೆಗೆ ದಿನಕ್ಕೊಮ್ಮೆಯಾದರೂ ತಲೆ ಸಿಕ್ಕಿಸಿಕೊಂಡು ಕೂಗುತ್ತದೆ. ಹೋತದ ಬೀಜಕ್ಕೆ ಹಾಕುವ ರಬ್ಬರ್ ಬಳೆಯನ್ನೇ ಕೋಡಿನ ಬುಡಕ್ಕೆ ಹಾಕಿದರೆ ರಕ್ತ ಬಾರದೆ ಕೋಡು ಉದುರುತ್ತದಂತೆ. ಮನೆಯಲ್ಲೇ ಮಾಡಬಹುದೇ? ಯಾವ ತಿಂಗಳಲ್ಲಿ, ಹೇಗೆ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಕೋಡು ಉದುರುತ್ತದೆ, ಅದು ನಿಜ. ರಕ್ತ ಬರುವುದಿಲ್ಲ ಎನ್ನುವುದಕ್ಕೆ ಖಾತ್ರಿಯಿಲ್ಲ. ನೋವಂತೂ ಇದ್ದೇ ಇದೆ.

ಕೋಡಿನ ಹೊರಗವಚ ಮಾತ್ರ ಉಗುರಿನಂಥದ್ದು. ಒಳಗಿರುವುದು ಹಣೆಯ ಎಲುಬಿನಿಂದಲೇ ಎದ್ದು ಬಂದ ತಿರುಳು. ಅದರಲ್ಲಿ ರಕ್ತನಾಳವೂ ಇದೆ, ನರವೂ ಇದೆ. ಆಡು ಬೆಳೆದಂತೆ ಹಣೆಯೊಳಗಿನ ಪೊಳ್ಳು, ಅಂದರೆ ಸೈನಸ್, ಈ ತಿರುಳಿನೊಳಕ್ಕೂ ಏರುತ್ತದೆ. ಹಾಗಾಗಿ ದೊಡ್ಡ ಆಡಿನ ಕೋಡು ಬುಡಸಮೇತ ಬಿದ್ದಾಗ ಮೂಗಿನವರೆಗೆ ದಾರಿಯಿರುವ ತೂತೊಂದು ತಲೆಯ ಮೇಲೆ ಉಳಿಯಬಹುದು. ಬಳೆ ಮಾಡುವುದು ಇಷ್ಟೇ: ರಕ್ತ ಹರಿಯದಂತೆ ಬಿಗಿದು ಈ ಜೀವಂತ ಭಾಗವನ್ನು ನಿಧಾನಕ್ಕೆ ಸಾಯಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಕಾನೂನಿನ ಮಾತೂ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮು ಕೋಡು ತೆಗೆಯುವುದಕ್ಕೆ ಕೊಟ್ಟಿರುವ ವಿನಾಯಿತಿ ದನಗಳನ್ನು ಹೆಸರಿಸಿ, ನಿಗದಿಪಡಿಸಿದ ರೀತಿಯಲ್ಲಿ ಮಾಡಿದರೆ ಮಾತ್ರ ಎನ್ನುತ್ತದೆ. ಆದ್ದರಿಂದ ಪಶುವೈದ್ಯರಿಲ್ಲದೆ, ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆ ಮನೆಯಲ್ಲಿ ಬಳೆ ಏರಿಸಬೇಡಿ.

ಹಾಕಿಸಲೇಬೇಕೆಂದಿದ್ದರೆ ಕಾಲ ಮುಖ್ಯ. ಘಟ್ಟದ ಮೇಲಾಗಲಿ ಕೆಳಗಾಗಲಿ, ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹಾಕಿಸಿ. ಆಗ ನೊಣ ಕಡಿಮೆ. ಫೆಬ್ರವರಿ ಹೊತ್ತಿಗೆ ಕೋಡು ಬಿದ್ದರೆ ಗಾಯ ಮಾಯಲು ಮುಂದಿನ ಮಳೆಯ ತನಕ ಸಮಯ ಸಿಗುತ್ತದೆ. ಜೂನ್‌ನಲ್ಲಿ ಹಾಕಿದರೆ ಗಾಯಕ್ಕೆ ಹುಳ ಬೀಳುವುದು ಬಹುತೇಕ ಖಚಿತ. ಗಬ್ಬದ ಕೊನೆಯ ತಿಂಗಳುಗಳಲ್ಲಿರುವ ಆಡಿಗೆ ಬೇಡ. ಎರಡು ಮೂರು ತಿಂಗಳ ಮರಿಗೂ ಆಗುವುದಿಲ್ಲ, ಅದರ ಕೋಡು ಶಂಕುವಿನ ಹಾಗೆ ಮೊನಚಾಗಿರುವುದರಿಂದ ಬಳೆ ಜಾರಿ ಮೇಲಕ್ಕೆ ಬರುತ್ತದೆ.

ಬಳೆಗಿಂತ ಮುಂಚೆ ಧನುರ್ವಾಯು ಲಸಿಕೆ. ಹಿಂದೆ ಹಾಕಿಸಿಲ್ಲದಿದ್ದರೆ 3–4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಎರಡನೆಯ ಡೋಸ್ ಆದ ಮೇಲೆ ಎರಡು ವಾರವಾದರೂ ಕಳೆದಿರಬೇಕು. ಬಳೆಯ ಕೆಳಗಿನ ಗಾಳಿಯಾಡದ ಸತ್ತ ಮಾಂಸ ಧನುರ್ವಾಯುವಿನ ರೋಗಾಣುವಿಗೆ ಹೇಳಿ ಮಾಡಿಸಿದ ಜಾಗ. ಈ ಲಸಿಕೆ ಬಿಟ್ಟು ಉಳಿದೆಲ್ಲವನ್ನೂ ಸರಿಯಾಗಿ ಮಾಡಿ ಆಡನ್ನು ಕಳೆದುಕೊಳ್ಳುವವರಿದ್ದಾರೆ.

ವೈದ್ಯರು ಆಡಿನ ತೂಕ ಕೇಳುತ್ತಾರೆ, ಅಂದಾಜು ಹೇಳಬೇಡಿ. ಮರಗಟ್ಟಿಸುವ ಔಷಧ ಲಿಗ್ನೋಕೇನ್ ಆಡಿಗೆ ಬೇಗ ವಿಷವಾಗುತ್ತದೆ. ಕಿಲೋಗೆ 5 ಮಿ.ಗ್ರಾಂ ಲೆಕ್ಕದಲ್ಲಿ 20 ಕಿಲೋ ಆಡಿಗೆ ಶೇ 2ರ ಔಷಧ ಒಟ್ಟು 5 ಮಿ.ಲೀ. ಮೀರಬಾರದು. ದನದ ಕೋಡಿಗೆ ಸಾಮಾನ್ಯವಾಗಿ ಒಂದು ಕಡೆ ಚುಚ್ಚಿದರೆ ಸಾಕು. ಆಡಿನ ಒಂದೊಂದು ಕೋಡಿಗೂ ಎರಡು ನರ, ಒಂದು ಕಣ್ಣಿನ ಹೊರಮೂಲೆಯ ಕಡೆಯಿಂದ, ಇನ್ನೊಂದು ಒಳಮೂಲೆಯ ಕಡೆಯಿಂದ ಬರುತ್ತದೆ. ಹಾಗಾಗಿ ನಾಲ್ಕು ಕಡೆ ಚುಚ್ಚಬೇಕು. ಇದು ಒಂದೆರಡು ತಾಸಿಗಷ್ಟೇ ಸಾಕು, ಬಳೆಯ ನೋವು ದಿನಗಟ್ಟಲೆ ಇರುತ್ತದೆ. ಮುಂದಿನ ದಿನಗಳಿಗೂ ನೋವಿನ ಔಷಧ ಬರೆಸಿಕೊಳ್ಳಿ.

ಬುಡದ ಕೂದಲು ಕತ್ತರಿಸಿ, ಚರ್ಮ ತೊಳೆದು ಒರೆಸಿದ ಮೇಲೆ ಕೋಡು ಚರ್ಮ ಸೇರುವಲ್ಲಿ ಮುಂದೆಯೂ ಹಿಂದೆಯೂ ಅರದಿಂದ ಸಣ್ಣ ಕಚ್ಚು ತೆಗೆಯುತ್ತಾರೆ. ಒಂದೆರಡು ಮಿ.ಮೀ. ಆಳ ಸಾಕು, ಕೆಂಪು ಕಂಡರೆ ನಿಲ್ಲಿಸಬೇಕು. ಬಳೆ ಕೂರಬೇಕಾದದ್ದು ಕೂದಲಿನ ಗೆರೆಗಿಂತ ಕೆಳಗೆ, ಅರ್ಧ ಚರ್ಮದ ಮೇಲೆ. ಬರೀ ಕೋಡಿನ ಮೇಲೆ ಕೂತರೆ ಬುಡದ ಬೆಳವಣಿಗೆಯ ಅಂಚು ಉಳಿದು ವಕ್ರವಾದ ಮೊಂಡುಕೋಡು ಮತ್ತೆ ಹುಟ್ಟುತ್ತದೆ. ಮೊಂಡುಕೋಡು ಕೆಲವೊಮ್ಮೆ ಕಣ್ಣಿನ ಕಡೆಗೇ ತಿರುಗುತ್ತದೆ, ಅದಕ್ಕಿಂತ ಮೊದಲಿನ ಕೋಡೇ ಲೇಸು. ಒಂದು ಕೋಡಿಗೆ ಎರಡು ಬಳೆ, ಮೇಲೆ ಜಾರದಂತೆ ಬಟ್ಟೆಯ ಟೇಪು ಸುತ್ತಿ. ಬಿಸಿಲಿಗೆ ಒಣಗಿದ ಹಳೆಯ ಬಳೆಯನ್ನು ಎಳೆದು ನೋಡಿದರೆ ಬಿರುಕು ಕಾಣುತ್ತದೆ, ಅದನ್ನು ಎಸೆಯಿರಿ.

ಆಮೇಲೆ ದಿನಾ ನೋಡುವ ಕೆಲಸ. ಬಳೆ ನಡುವೆ ತುಂಡಾದರೆ ನಿಂತಿದ್ದ ರಕ್ತ ಮತ್ತೆ ನುಗ್ಗಿ ಬುಡ ಊದಿಕೊಳ್ಳುತ್ತದೆ, ಅದೇ ದಿನ ವೈದ್ಯರಿಗೆ ತಿಳಿಸಿ. ಕೋಡು ಅಲುಗಾಡತೊಡಗಿದ ವಾರ ಅತಿ ಅಪಾಯದ್ದು. ಇನ್ನೊಂದು ಆಡು ಹಾಯ್ದರೆ ಅರ್ಧ ಹಿಡಿದಿರುವ ಕೋಡು ಕಿತ್ತು ರಕ್ತ ಚಿಮ್ಮುತ್ತದೆ. ಹೀಗಾದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ಈ ವಾರಗಳಲ್ಲಿ ಅದನ್ನು ಒಂದು ಸಾಧು ಆಡಿನ ಜೊತೆ ಬೇರೆ ಕಟ್ಟಿ. ಬಿದ್ದ ಮೇಲೆ ತೂತು ಕಂಡರೆ ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಒಳಗೆ ತುಂಬಬೇಡಿ, ಸೈನಸ್ ಕೀವುಗಟ್ಟುವುದು ಇದರಿಂದಲೇ. ಗಾಜ್ ಬಟ್ಟೆ ಮುಚ್ಚಿದರೆ ಸಾಕು. ಹುಲ್ಲನ್ನು ತಲೆಗಿಂತ ಮೇಲೆ ಕಟ್ಟಬೇಡಿ, ಧೂಳು ಉದುರಿ ನೇರ ಗಾಯದೊಳಗೆ ಹೋಗುತ್ತದೆ. ಒಂದೇ ಹೊಳ್ಳೆಯಲ್ಲಿ ನಾರುವ ಸಿಂಬಳ, ತಲೆ ಓರೆ ಮಾಡುವುದು, ಕಾಲು ಸೆಟೆದು ಬಾಯಿ ತೆರೆಯಲಾಗದಿರುವುದು ಕಂಡರೆ ಕಾಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಎರಡು ಆಡಿಗೂ ಬಳೆ ಬೇಡ ಎಂಬುದೇ ನಮ್ಮ ಸಲಹೆ. ಬೇಲಿಗೆ ಸಿಕ್ಕುವ ಆಡಿಗೆ ಅರ್ಧ ಇಂಚಿನ ಪಿವಿಸಿ ಪೈಪನ್ನು ಎರಡು ಕೋಡುಗಳ ಹಿಂದೆ ಅಡ್ಡಲಾಗಿಟ್ಟು ಟೇಪು ಸುತ್ತಿ. ಪೈಪು ಕೋಡಿನ ಅಗಲಕ್ಕಿಂತ ಎರಡೂ ಕಡೆ ಮೂರು ನಾಲ್ಕು ಇಂಚು ಹೊರಗಿರಲಿ. ತಲೆ ಬಲೆಯೊಳಗೆ ಹೋಗುವುದೇ ಇಲ್ಲ. ಅದು ದಿನವೂ ತಲೆ ತೂರಿಸುವ ಜಾಗಕ್ಕೆ ಒಳಬದಿಯಿಂದ ಅಡಿಕೆ ದಬ್ಬೆ ಒತ್ತಾಗಿ ಕಟ್ಟಿದರೆ ಇನ್ನೂ ಒಳ್ಳೆಯದು. ಹಾಯುವ ಆಡಿನ ವಿಷಯದಲ್ಲಿ ಮೊದಲು ಮೇವಿನ ಜಾಗ ಅಳೆಯಿರಿ. ಒಂದು ಆಡಿಗೆ ಗೋದಲಿಯ ಮುಂದೆ 40 ಸೆಂ.ಮೀ. ಆದರೂ ಬೇಕು, 11 ಆಡಿಗೆ ಹದಿನೈದು ಅಡಿಯಷ್ಟು. ಅಷ್ಟಿಲ್ಲದಿದ್ದರೆ ಕೋಡು ಹೋದರೂ ಅದು ಹಣೆಯಿಂದ ಗುದ್ದುತ್ತದೆ. ತುದಿಯ ಒಂದೆರಡು ಸೆಂ.ಮೀ. ವೈದ್ಯರಿಂದ ಕತ್ತರಿಸಿ ಅರದಿಂದ ಉರುಟು ಮಾಡಿಸಿದರೆ ತಿವಿತದ ಮೊನೆ ಹೋಗುತ್ತದೆ. ಗಬ್ಬದವನ್ನು ಬೇರೆ ಕಟ್ಟುವುದು ಹೇಗೂ ಒಳ್ಳೆಯದು.

ಪ್ರಶ್ನೆ: ಹಾಗಾದರೆ ಮರಿಯಲ್ಲೇ ಸುಡಿಸುವುದು ವಾಸಿಯೇ? ಕೆಲವರು ಸುಡುವ ಮುಲಾಮು ಹಚ್ಚುತ್ತಾರೆ.
– ಓದುಗರು, ಕುಮಟಾ

ಉತ್ತರ: ಕೋಡೇ ಬೇಡವೆಂದಿದ್ದರೆ ಅದೇ ವಾಸಿ. ಕೋಡಿನ ಮೊಗ್ಗು ಕೈಗೆ ಸಿಕ್ಕ ಕೂಡಲೇ, ಹೆಚ್ಚೆಂದರೆ ಎರಡು ವಾರದೊಳಗೆ ಆಗಬೇಕು. ಗಂಡುಮರಿಯ ಮೊಗ್ಗು ಬೇಗ ಬಲಿಯುತ್ತದೆ, ಮೊದಲ ವಾರ ದಾಟಿಸಬೇಡಿ. ಆದರೆ ಮರಿಯ ತಲೆಬುರುಡೆ ತೆಳು. ಕಾದ ಕಬ್ಬಿಣವನ್ನು ಕೆಲವೇ ಸೆಕೆಂಡು ಹೆಚ್ಚು ಒತ್ತಿದರೂ ಮಿದುಳು ಬೇಯುತ್ತದೆ. ಕರುವಿಗೆ ಸುಟ್ಟು ಅಭ್ಯಾಸವಿದ್ದವರು ಮಾಡುವ ತಪ್ಪು ಇದೇ. ಮುಲಾಮು ಬೇಡ. ಕರಾವಳಿಯ ತೇವಕ್ಕೆ ಕರಗಿ ಕಣ್ಣಿಗಿಳಿಯುತ್ತದೆ, ತಾಯಿ ನೆಕ್ಕಿದರೆ ಅದರ ನಾಲಿಗೆಯೂ ಸುಡುತ್ತದೆ.

ಪ್ರಶ್ನೆ: ಬಕ್ರೀದ್‌ಗೆ ಮಾರುವ ಹೋತಗಳಿಗೆ ಕೋಡು ತೆಗೆಸಿದರೆ ಬೆಲೆ ಕಡಿಮೆಯಾಗುತ್ತದೆಯೇ? ಹುಟ್ಟಾ ಕೋಡಿಲ್ಲದ ಹೋತವನ್ನೇ ತಂದರೆ?
– ಓದುಗರು, ಭಟ್ಕಳ

ಉತ್ತರ: ಕೊಳ್ಳುವವರು ಊನವಿಲ್ಲದ ಪ್ರಾಣಿ ನೋಡುತ್ತಾರೆ. ಕೋಡು ಬುಡದಿಂದ ಕಿತ್ತು ಗಾಯವಾದದ್ದನ್ನು ಹಲವರು ಮುಟ್ಟುವುದಿಲ್ಲ, ಹುಟ್ಟಾ ಬೋಳು ಹೋತಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಮಾರುವ ಹೋತದ ಕೋಡಿನ ತಂಟೆಗೆ ಹೋಗಬೇಡಿ.

ಬೋಳು ಹೋತವನ್ನು ತಳಿಗೆ ಬಳಸಬಹುದು, ಆದರೆ ಕೋಡಿರುವ ಹೆಣ್ಣಾಡುಗಳಿಗೆ ಮಾತ್ರ. ಬೋಳುತನದ ಗುಣದ ಜೊತೆಗೇ ಬಂಜೆತನದ ದೋಷವೊಂದು ಅಂಟಿಕೊಂಡಿದೆ. ತಂದೆ ತಾಯಿ ಎರಡೂ ಕಡೆಯಿಂದ ಅದು ಬಂದರೆ ಹೆಣ್ಣಾಗಬೇಕಿದ್ದ ಮರಿ ಅತ್ತ ಗಂಡೂ ಅಲ್ಲ, ಇತ್ತ ಹೆಣ್ಣೂ ಅಲ್ಲ ಎಂಬಂತೆ ಹುಟ್ಟುತ್ತದೆ. ಬೋಳಿಗೆ ಬೋಳು ಕೂಡಿಸಿದರೆ ಹೆಣ್ಣಾಗಬೇಕಿದ್ದ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದಾದರೂ ಹೀಗಾಗುತ್ತದೆ. ಹುಟ್ಟಿದ ದಿನ ತಲೆ ಮುಟ್ಟಿ ನೋಡಿ: ಕೋಡು ಬರುವ ಮರಿಗೆ ಎರಡು ಕಡೆ ಸುಳಿಯಿರುತ್ತದೆ, ಅಲ್ಲಿ ಚರ್ಮ ಅಂಟಿಕೊಂಡಿರುತ್ತದೆ. ಬೋಳು ಮರಿಗೆ ಉಬ್ಬು ಇದ್ದರೂ ಚರ್ಮ ಅದರ ಮೇಲೆ ಸರಾಗವಾಗಿ ಜಾರುತ್ತದೆ.