ಫಿನ್ನಿಶ್ ಭಾಷೆಯ ‘ರೆಯ್ಪಸ್’ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು?

ಚುರುಕು, ಲವಲವಿಕೆ, ಅಂಜದ ಗುಣ, ಮೂರೂ ಸೇರಿದ ಗುಣವಾಚಕ ಇದು. ಒಂದೇ ಕನ್ನಡ ಪದದಲ್ಲಿ ಹಿಡಿಯುವುದು ಕಷ್ಟ. ಫಿನ್ಲೆಂಡಿನಲ್ಲಿ ಪುಟ್ಟ ಮಗು ಅಳದೆ ಇಂಜೆಕ್ಷನ್ ಚುಚ್ಚಿಸಿಕೊಂಡರೆ ದೊಡ್ಡವರು ‘ಒಲಿತ್ಪ ರೆಯ್ಪಸ್!’ ಎನ್ನುತ್ತಾರೆ. ಅಂಥ ಹೊತ್ತಲ್ಲಿ ನಾವು ತಲೆ ಸವರಿ ‘ಜಾಣಮರಿ’ ಅನ್ನುತ್ತೇವಲ್ವಾ, ಹಾಗೆ. ಆದರೆ ಅವರ ಮೆಚ್ಚುಗೆ ಜಾಣತನಕ್ಕಲ್ಲ, ಮಗು ಗಟ್ಟಿಯಾಗಿ ನಿಂತಿದ್ದಕ್ಕೆ. ನನಗೆ ಈ ಪದ ತುಂಬಾ ಇಷ್ಟವಾಗುವುದು ಇದಕ್ಕೇ.

ಬಿರುಸಿನ ನಡಿಗೆಯೂ ‘ರೆಯ್ಪಸ್’. ಬೆಲೆ ಜಾಸ್ತಿಯೇ ಏರಿದ್ದರೆ ‘ರೆಯ್‌ಪ್ಪಾಸ್ತಿ’ ಏರಿತು ಎನ್ನುತ್ತಾರೆ. ಅಲ್ಲಿ ಧೈರ್ಯದ ಮಾತಿಲ್ಲ, ಸುಮ್ನೆ ‘ಚೆನ್ನಾಗಿಯೇ’ ಅಂತ ಅರ್ಥ.

ಬಳಸುವಾಗ ಒಂದು ಗಮನಿಸಿ: ಷಷ್ಠಿ ವಿಭಕ್ತಿಯಲ್ಲಿ ‘ಪ’ ಒತ್ತಕ್ಷರವಾಗಿ, ‘ಸ್’ ಬಿದ್ದುಹೋಗಿ, ‘ರೆಯ್‌ಪ್ಪಾನ್’ ಆಗುತ್ತದೆ.