ನಮ್ಮಿಬ್ಬರ ಸ್ವಭಾವ ಹೊಂದಲ್ಲ ಅಂತ ಟೆಸ್ಟ್ ಹೇಳಿದೆ, ಏನು ಮಾಡಲಿ?

ಪ್ರಶ್ನೆ: ಎರಡು ವರ್ಷದಿಂದ ಒಬ್ಬನನ್ನು ಪ್ರೀತಿಸುತ್ತಿದ್ದೇನೆ. ನಾನು ಬಾಯಿಬಡಕಿ, ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ತಮಾಷೆಗೆ ಅಂತ ಇಬ್ಬರೂ ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್ ತೆಗೆದುಕೊಂಡೆವು. ‘ಹೊಂದಾಣಿಕೆ ಕಡಿಮೆ’ ಎಂದು ಬಂತು. ಆಗಿನಿಂದ ತಲೆಗೆ ಹುಳ ಬಿಟ್ಟ ಹಾಗಾಗಿದೆ. ಮೆಸೇಜಿಗೆ ಬರೀ ‘ಸರಿ’ ಎಂದು ಉತ್ತರ ಬಂದರೂ ಅವನಿಗೆ ನಾನು ಬೇಡವಾದೆ ಅನಿಸುತ್ತದೆ. ಹಿಂದಿನ ಸಂಬಂಧದಲ್ಲೂ ಹೀಗೇ ಆಗಿತ್ತು. ಈಗಲೇ ಬಿಟ್ಟುಬಿಡುವುದು ಒಳ್ಳೆಯದಾ?

ಉತ್ತರ: ಟೆಸ್ಟ್ ಹೇಳಿತು ಅನ್ನೋ ಕಾರಣಕ್ಕಂತೂ ಬಿಡಬೇಡಿ. ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿಯ ಸಾವಿರಾರು ದಂಪತಿಗಳ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಇಬ್ಬರ ಸ್ವಭಾವ ಒಂದೇ ಥರ ಇದ್ದರೆ ಸಂಬಂಧದಲ್ಲಿ ಖುಷಿ ಜಾಸ್ತಿಯಾ ಎಂದು ನೋಡಿದರು. ಸಿಕ್ಕ ನಂಟು ಇಲ್ಲವೆನ್ನುವಷ್ಟು ಸಣ್ಣದು. ಜನರ ಖುಷಿಯಲ್ಲಿರುವ ಏರುಪೇರಿನ ಶೇ 0.5ರಷ್ಟನ್ನೂ ಅದು ವಿವರಿಸಲಿಲ್ಲ. ಮಾತುಗಾರ್ತಿಗೆ ಮೌನಿ ಸಿಕ್ಕಿದ್ದು ದೊಡ್ಡ ವಿಷಯವೇ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಆ ‘ಸರಿ’.

ಸ್ವಭಾವವನ್ನು ಅಳೆಯುವಾಗ ನಾವು ನೋಡುವ ಐದು ಗುಣಗಳಲ್ಲಿ ಒಂದು ನ್ಯೂರೋಟಿಸಿಸಂ. ಬೇಗ ಆತಂಕ, ಬೇಗ ನೋವು, ಮೊದಲು ಕೆಟ್ಟದ್ದೇ ಹೊಳೆಯುವುದು. ಹೆಸರು ಕಾಯಿಲೆಯ ಥರ ಕೇಳಿಸುತ್ತದೆ, ಆದರೆ ಕಾಯಿಲೆಯಲ್ಲ. ಎಲ್ಲರಲ್ಲೂ ಸ್ವಲ್ಪ ಹೆಚ್ಚು ಕಮ್ಮಿ ಇದ್ದೇ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೋವೆಲ್ ಕೆಲಿ 1930ರ ದಶಕದಲ್ಲಿ ಮದುವೆ ನಿಶ್ಚಯವಾದ 300 ಜೋಡಿಗಳ ಸ್ವಭಾವವನ್ನು ಅವರ ಪರಿಚಿತರಿಂದ ಕೇಳಿ ಬರೆದಿಟ್ಟುಕೊಂಡರು. 1980ರವರೆಗೂ ಆ ಜೋಡಿಗಳ ಬೆನ್ನು ಬಿಡಲಿಲ್ಲ. ಮದುವೆ ಸರಿ ಹೋಗುತ್ತದಾ ಎಂಬ ಸುಳಿವು ಹೆಚ್ಚಾಗಿ ಸಿಕ್ಕಿದ್ದು ಇಬ್ಬರ ಈ ಆತಂಕದ ಗುಣದಲ್ಲಿ, ಜೊತೆಗೆ ಗಂಡನಿಗೆ ತನ್ನ ಮೇಲೆ ಎಷ್ಟು ಹಿಡಿತವಿದೆ ಎಂಬುದರಲ್ಲಿ.

ಹಿಂದಿನ ಸಂಬಂಧದಲ್ಲೂ ಹೀಗೇ ಆಗಿತ್ತು ಎಂದಿದ್ದೀರಿ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಯುವಕ ಯುವತಿಯರನ್ನು 21ನೇ ವಯಸ್ಸಿನಲ್ಲಿ, ಮತ್ತೆ 26ರಲ್ಲಿ ಮಾತಾಡಿಸಿದಾಗ ಸಿಕ್ಕಿದ್ದೂ ಇದೇ. ಜೊತೆಗಾರರು ಬದಲಾದರೂ ಬೇಗ ನೊಂದುಕೊಳ್ಳುವವರ ಅತೃಪ್ತಿ ಹೊಸ ಸಂಬಂಧಕ್ಕೂ ಹಿಂಬಾಲಿಸಿತ್ತು. ಇದನ್ನು ಬೈಗುಳ ಅಂದುಕೊಳ್ಳಬೇಡಿ. ಇವನನ್ನು ಬಿಟ್ಟರೂ ಆ ‘ಸರಿ’ಯ ಕಾಟ ಬಿಡುವುದಿಲ್ಲವೇನೋ ಎನ್ನುತ್ತಿದ್ದೇನೆ, ಅಷ್ಟೇ.

ಸಮಾಧಾನದ ವಿಷಯವೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ಫಿನ್ ಮತ್ತು ಸಹೋದ್ಯೋಗಿಗಳು 245 ಯುವ ಜೋಡಿಗಳನ್ನು ಒಂಬತ್ತು ತಿಂಗಳು ಗಮನಿಸಿ 2015ರಲ್ಲಿ ಬರೆದರು. ಹೀಗೂ ಹಾಗೂ ಅರ್ಥ ಮಾಡಿಕೊಳ್ಳಬಹುದಾದ ಸನ್ನಿವೇಶಗಳನ್ನು ಕೊಟ್ಟು ‘ನಿಮಗೇನನ್ನಿಸುತ್ತದೆ’ ಎಂದು ಕೇಳಿದ್ದರು. ಆತಂಕ ಜಾಸ್ತಿ ಇರುವವರು ಅದರಲ್ಲಿ ಕೆಟ್ಟದ್ದನ್ನೇ ಕಂಡರು, ಥೇಟ್ ನಿಮ್ಮ ‘ಸರಿ’ಯ ಹಾಗೆ. ಆದರೆ ತಿಂಗಳುಗಳು ಕಳೆದಂತೆ ಹಾಗೆ ಊಹಿಸುವುದು ತಗ್ಗಿತು, ಅದರ ಜೊತೆ ಆತಂಕದ ಗುಣವೂ ಕಡಿಮೆಯಾಯಿತು. ಒಳ್ಳೆಯ ಸಂಬಂಧವೇ ಮನುಷ್ಯನನ್ನು ಸ್ವಲ್ಪ ಸ್ವಲ್ಪವಾಗಿ ಗಟ್ಟಿ ಮಾಡುತ್ತದೆ. ಸುಮ್ನೆ ಕಾದು ಕೂರಬೇಕಿಲ್ಲ, ಕೌನ್ಸೆಲಿಂಗ್‌ನಿಂದಲೂ ಈ ಗುಣ ಇಳಿಯುತ್ತದೆ.

ಮುಂದಿನ ಸಲ ‘ಸರಿ’ ಬಂದಾಗ ಮನಸ್ಸಿನಲ್ಲೇ ತೀರ್ಪು ಕೊಡಬೇಡಿ. ಸಿಟ್ಟಿನ ಮೆಸೇಜೂ ಬೇಡ. ಸಿಕ್ಕಾಗ ನೇರವಾಗಿ ಕೇಳಿ: ‘ಆಗ ಬೇಜಾರಾಗಿದ್ದೆಯಾ, ಇಲ್ಲಾ ಕೆಲಸದಲ್ಲಿದ್ದೆಯಾ?’ ಕೆನಡಾದ ಮನಶ್ಶಾಸ್ತ್ರಜ್ಞೆ ಸಮಂತಾ ಜೋಯೆಲ್ ಮತ್ತು ಸಹೋದ್ಯೋಗಿಗಳು 2020ರಲ್ಲಿ 11,000ಕ್ಕೂ ಹೆಚ್ಚು ಜೋಡಿಗಳ ಮಾಹಿತಿ ಜಾಲಾಡಿದಾಗ, ಸಂಬಂಧದಲ್ಲಿ ಖುಷಿ ಎಷ್ಟಿದೆ ಎಂಬುದಕ್ಕೆ ಜೊತೆಗಾರರ ಸ್ವಭಾವಕ್ಕಿಂತ ಎಷ್ಟೋ ಹೆಚ್ಚು ಸುಳಿವು ಕೊಟ್ಟಿದ್ದು ಆ ಸಂಬಂಧದ ಬಗ್ಗೆ ಒಬ್ಬೊಬ್ಬರಿಗೂ ಇದ್ದ ಅನಿಸಿಕೆ. ಇವನು ನನ್ನ ಜೊತೆ ಉಳಿಯುತ್ತಾನೆ ಎಂಬ ನಂಬಿಕೆ ಇದೆಯಾ, ಇವನು ಸಿಕ್ಕಿದ್ದು ಪುಣ್ಯ ಅನಿಸುತ್ತದಾ, ಜಗಳ ಎಷ್ಟು, ಇಂಥವು. ನಿಮ್ಮ ಟೆಸ್ಟು ಇದರಲ್ಲಿ ಒಂದನ್ನಾದರೂ ಕೇಳಿತ್ತಾ?

ಒಂದು ಎಚ್ಚರಿಕೆ. ಅವನು ನಿಮ್ಮನ್ನು ಹೀಯಾಳಿಸುತ್ತಿದ್ದರೆ, ಹೆದರಿಸುತ್ತಿದ್ದರೆ, ಮಾತು ಬಿಟ್ಟು ಶಿಕ್ಷೆ ಕೊಡುತ್ತಿದ್ದರೆ ಮೇಲಿನದ್ದೆಲ್ಲ ಪಕ್ಕಕ್ಕಿಡಿ. ಅದು ನಿಮ್ಮ ಆತಂಕದ ಗುಣವಲ್ಲ, ಅವನ ನಡತೆ. ಆಗ ಬಿಡುವ ಯೋಚನೆ ಮಾಡುವುದರಲ್ಲಿ ತಪ್ಪೇನಿಲ್ಲ.